ಎರವಲು ಕಾಲು

ಮೆಟ್ಟಿಲ ಪಕ್ಕದಲ್ಲಿ ಒಂದು ಜೊತೆ ಬೂಟು, ಕಂದು ಬಣ್ಣದ್ದು, ಮೂತಿ ಸವೆದದ್ದು, ಎರಡೂ ಕಾಲುಚೀಲಗಳನ್ನು ಎಡಗಡೆಯದಕ್ಕೇ ತುರುಕಿದೆ, ಬಲಗಡೆಯದು ಖಾಲಿ — ಇನ್ಯಾರದ್ದಿರಲು ಸಾಧ್ಯ, ಲೋಕದಲ್ಲಿ ಹೀಗೆ ಮಾಡುವ ಮಹಾನುಭಾವ ಅವಳಣ್ಣ ಒಬ್ಬನೇ, ಅಮ್ಮ ಬೈದೂ ಬೈದೂ ಸೋತಿದ್ದಳು, ಒಂದಕ್ಕೆ ಹೊಟ್ಟೆ ಬಿರಿಯೋ ಹಾಗೆ ತುರುಕ್ತೀಯ, ಇನ್ನೊಂದನ್ನ ಉಪವಾಸ ಕೆಡವ್ತೀಯ, ಇದ್ಯಾವ ನ್ಯಾಯವೋ, ಅವನು ನಗುತ್ತಿದ್ದ, ಹುಡುಕೋವಾಗ ಎರಡೂ ಒಂದೇ ಕಡೆ ಸಿಗ್ಲಿ ಅಂತ ಅಮ್ಮ — ಐವತ್ತೈದು ದಾಟಿದ ಮೇಲೂ ಹಾಗೇ ಇದ್ದಾನೆ. ಆದರೆ ಬೂಟು ಬಿಚ್ಚಿದ್ದೇಕೆ, ವೇದಿಕೆಯ ಮೇಲೆ ಬರಿಗಾಲಲ್ಲಿ ನಿಲ್ಲುವವನಲ್ಲ, ನೆಲದ ತುಂಬ ವಯರು, ಶಾಕ್ ಹೊಡೆದು ಸತ್ತರೆ ಪೇಪರಲ್ಲಿ ಫೋಟೋ ಕೂಡ ಚೆನ್ನಾಗಿ ಬರಲ್ಲ ಕಣೇ ಎಂದು ಒಮ್ಮೆ ಅವಳ ಚಪ್ಪಲಿಯನ್ನು ತಾನೇ ಎತ್ತಿ ತಂದು ಕಾಲ ಬಳಿ ಇಟ್ಟಿದ್ದ, ಅದು ಯಾವ ಊರು, ಯಾವ ಸಭಾಂಗಣ, ನೆನಪಿಲ್ಲ, ಚಪ್ಪಲಿ ಮಾತ್ರ ನೆನಪಿದೆ, ನೀಲಿ ಪಟ್ಟಿಯದು.

ಮೇಲೆ ಅವನು ನುಡಿಸುತ್ತಿದ್ದಾನೆ, ಇಲ್ಲಿಂದ ಬೆನ್ನಷ್ಟೇ ಕಾಣುತ್ತದೆ, ಭುಜ ಸ್ವಲ್ಪ ಕುಗ್ಗಿದೆ, ನೆತ್ತಿಯ ಹಿಂದೆ ಕೂದಲು ತೆಳುವಾಗಿ ದೀಪದ ಬೆಳಕು ಒಳಗೆ ಇಳಿಯುತ್ತಿದೆ, ಯಾವಾಗ ಆಯಿತು ಇದೆಲ್ಲ, ನಾಲ್ಕು ವರ್ಷದ ಹಿಂದೆ ಅಮ್ಮ ಹೋದ ದಿನ ನೋಡಿದ್ದು, ಅವತ್ತು ಒಬ್ಬರ ನೆತ್ತಿ ಒಬ್ಬರು ನೋಡುವ ಪುರುಸೊತ್ತು ಯಾರಿಗಿತ್ತು. ಅವಳು ತನ್ನ ಸಂಗೀತದ ಯಂತ್ರವನ್ನು ಎದೆಗವಚಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದಾಳೆ, ಇನ್ನು ಹತ್ತು ನಿಮಿಷಕ್ಕೆ ಅವಳ ಸರದಿ, ಇದು ಹಿಂದೊಮ್ಮೆ ಗೋದಾಮಾಗಿದ್ದ ಸಭಾಂಗಣ, ಎತ್ತರದ ಕಿಟಕಿಗಳಿಂದ ನಾಲ್ಕು ಗಂಟೆಯ ಬಿಸಿಲು ಇಳಿದು ಜನರ ತಲೆಗಳ ಮೇಲೆ ಕೂತಿದೆ, ಜನ ಎಂದರೆ ಎಲ್ಲ ಚಿಕ್ಕವರು, ಇವರಿಬ್ಬರೂ ಒಟ್ಟಿಗೆ ನುಡಿಸುತ್ತಿದ್ದ ಕಾಲದಲ್ಲಿ ತೊಟ್ಟಿಲಲ್ಲಿದ್ದವರು. ಮಧ್ಯಾಹ್ನದಿಂದ ಸಂಜೆವರೆಗೆ ಆರು ಜನ ಮೇಡಂ, ಒಬ್ಬರಾದ ಮೇಲೆ ಒಬ್ಬರು, ಮಧ್ಯೆ ಸದ್ದು ನಿಲ್ಲೋ ಹಾಗಿಲ್ಲ, ಒಬ್ಬರು ಮುಗಿಸಿದ್ದು ಇನ್ನೊಬ್ಬರು ಶುರು ಮಾಡಿದ್ದು ಜನಕ್ಕೆ ಗೊತ್ತೇ ಆಗ್ಬಾರ್ದು, ಎಂದಿದ್ದಳು ಆಯೋಜಕಿ ಫೋನಿನಲ್ಲಿ, ಪಾಪ, ಅಣ್ಣತಂಗಿ ಹಿಂದೆ ಮುಂದೆ ಬಂದರೆ ಚಂದ ಅಂದುಕೊಂಡಳು, ಅಣ್ಣತಂಗಿ ಮಾತು ಬಿಟ್ಟು ಹನ್ನೊಂದು ವರ್ಷವಾಗಿದೆ ಅಂತ ಅವಳಿಗೆ ಯಾರು ಹೇಳಬೇಕು. ಹೂಂ ಎಂದುಬಿಟ್ಟಿದ್ದಳು ಇವಳು. ಈಗ ಅದೇ ಆಯೋಜಕಿ ಕೊರಳಿಗೆ ಗುರುತುಚೀಟಿ ನೇತುಹಾಕಿಕೊಂಡು ಹತ್ತಿರ ಬಂದು ಕಿವಿಯಲ್ಲಿ ಕೂಗಿದಳು, ನಿಮ್ಮಣ್ಣ ಹೇಳಿ ಕಳಿಸಿದ್ದಾರೆ, ಈ ಸಲ ತಲೆ ಆಡಿಸೋದು ಬೇಡ ಅಂತೆ. ಮತ್ತೆ ನಾನು ತಗೊಂಡೆ ಅನ್ನೋ ಸನ್ನೆ ಹೇಗಂತೆ, ಇವಳು ಕೇಳಿದಳು. ಕೇಳ್ದೆ ಮೇಡಂ, ಅವಳಿಗೆ ಗೊತ್ತು ಅಂದ್ರು, ಅಷ್ಟೆ, ನೀವೇ ಸ್ವಲ್ಪ ನೋಡ್ಕೊಳ್ಳಿ, ಎಡಗಿವಿ ಪೂರ್ತಿ ಹೋಗಿದೆಯಲ್ಲ ಅವ್ರಿಗೆ, ಬಲಗಿವಿಗೂ ದಪ್ಪ ಸದ್ದು ಮಾತ್ರ, ಇದೇ ಕೊನೇ ಕಾರ್ಯಕ್ರಮ ಅಂದಿದ್ದಾರೆ, ನಿಮಗೆ ಗೊತ್ತಿರತ್ತೆ ಬಿಡಿ. ಗೊತ್ತಿದೆ ಎಂದಳು. ಗೊತ್ತಿರಲಿಲ್ಲ. ಅದಕ್ಕೇ ಬೂಟು ಬಿಚ್ಚಿದ್ದಾನೆ, ಕಿವಿಗೆ ಬಾರದ್ದನ್ನು ಹಲಗೆಯಿಂದ ಪಾದಕ್ಕೆ ಕೇಳಿಸಿಕೊಳ್ಳುತ್ತಿದ್ದಾನೆ, ಪರಮ ಹಟಮಾರಿ, ಸೂಜಿ ಬಿದ್ದ ಸದ್ದಿನಲ್ಲೇ ಅದು ಹನ್ನೆರಡನೇ ನಂಬರೋ ಹದಿನಾರೋ ಎಂದು ಹೇಳುತ್ತಿದ್ದ ಕಿವಿ ಅದು.

ಸೂಜಿ — ಆ ಮನೆ, ಒಂದು ಕೋಣೆ, ಒಂದು ಅಡುಗೆಮೂಲೆ, ಅಪ್ಪ ಎನ್ನುವವರು ಗೋಡೆಯ ಮೇಲಿನ ಫೋಟೋ, ಕಿಟಕಿಯ ಕೆಳಗೆ ಅಮ್ಮನ ಹೊಲಿಗೆ ಮಿಷನ್ನು, ಕಾಲಲ್ಲಿ ತುಳಿಯುವಂಥದು, ಶಾಲೆಯ ಮಕ್ಕಳ ಅಂಗಿ ಹೊಲಿದು ಹೊಲಿದು ಅಮ್ಮನ ಮಂಡಿ ಹಿಡಿದುಕೊಳ್ಳುತ್ತಿತ್ತು, ಆದರೆ ಹೊಲಿಗೆಯ ನಡುವೆ ನಿಲ್ಲಿಸುವ ಹಾಗಿಲ್ಲ, ಆ ಮಿಷನ್ನಿಗೊಂದು ಕೆಟ್ಟ ಚಾಳಿ, ನಿಂತು ಮತ್ತೆ ಹೊರಟರೆ ಚಕ್ರ ಹಿಂದಕ್ಕೆ ತಿರುಗಿ ದಾರ ಪಟ್ಟನೆ ಹರಿಯುತ್ತಿತ್ತು. ಕಾಲು ಕೊಡೋ ಎನ್ನುತ್ತಿದ್ದಳು ಅಮ್ಮ, ಬಟ್ಟೆಯಿಂದ ಕಣ್ಣು ತೆಗೆಯದೆ, ಅಣ್ಣ ಓದುತ್ತಿದ್ದುದನ್ನು ಬಿಟ್ಟು ಬಂದು ಪಕ್ಕದ ಪೆಟ್ಟಿಗೆಯ ಮೇಲೆ ಕೂತು ಅಮ್ಮನ ಕಾಲ ಪಕ್ಕಕ್ಕೆ ತನ್ನದೊಂದು ಕಾಲಿಡುತ್ತಿದ್ದ, ನಾಲ್ಕಾರು ಸುತ್ತು ಮೂರು ಪಾದಗಳೂ ಒಟ್ಟಿಗೆ ಮೇಲೆ ಕೆಳಗೆ, ಮೇಲೆ ಕೆಳಗೆ, ಸಿಕ್ಕಿತು ಅನ್ನಿಸಿದಾಗ ಹೆಬ್ಬೆರಳಿನಿಂದ ಅಮ್ಮನ ಪಾದದ ಅಂಚಿಗೆ ಒಂದು ಒತ್ತು, ಮಾತಿಲ್ಲ ಕತೆಯಿಲ್ಲ, ಅಷ್ಟಾದ ಮೇಲೆ ಅಮ್ಮನ ಕಾಲು ಮೆಲ್ಲಗೆ ಹಿಂದಕ್ಕೆ ಜಾರುತ್ತಿತ್ತು, ಕೈ ಮಾತ್ರ ಬಟ್ಟೆಯನ್ನು ಸೂಜಿಯ ಕೆಳಗೆ ನೂಕುತ್ತಲೇ ಇರುತ್ತಿತ್ತು. ಚಕ್ರಕ್ಕೆ ಗೊತ್ತಾಗ್ಬಾರ್ದು, ಅದು ಅಮ್ಮನ ಮಾತು, ಚಕ್ರಕ್ಕೆ ಗೊತ್ತಾದ್ರೆ ದಾರಕ್ಕೆ ಗೊತ್ತಾಗತ್ತೆ. ಅಣ್ಣನಿಗೆ ಸಾಕಾದರೆ ಅವನಿಂದ ಇವಳಿಗೆ, ಬಾಬಿನ್, ಕಾಲು ಕೊಡೇ, ಗುಂಡಗೆ ಗಿಡ್ಡಗಿದ್ದಳೆಂದು ಬಾಬಿನ್ ಎಂದು ಹೆಸರಿಟ್ಟವನೂ ಅವನೇ, ದಾರ ಸುತ್ತುವ ಆ ಪುಟ್ಟ ಲೋಹದ ಬಿಲ್ಲೆ. ಅವಳು ನೆಲದ ಮೇಲೆ ಕೂತು ಚಿಂದಿ ಆರಿಸುತ್ತ ಕಣ್ಣೆದುರೇ ಅದನ್ನೆಲ್ಲ ನೋಡುತ್ತಿದ್ದಳು, ಅವಳ ಕಣ್ಣಿನ ಮಟ್ಟಕ್ಕೆ ಬರುತ್ತಿದ್ದುದೇ ಕಾಲುಗಳು, ಅಮ್ಮನ ಒಡೆದ ಹಿಮ್ಮಡಿ, ಅದಕ್ಕೆ ಅಂಟಿದ ಒಂದು ತುಂಡು ದಾರ, ಒಮ್ಮೆ ಕೆಂಪು, ಒಮ್ಮೆ ನೀಲಿ, ಯಾವ ಶಾಲೆಯ ಅಂಗಿಯೋ ಆ ಬಣ್ಣ, ಪೆಡಲಿನಿಂದ ಹಿಂದಕ್ಕೆ ಜಾರುತ್ತಿರುವ ಆ ಹಿಮ್ಮಡಿ, ಮತ್ತು ಏನೂ ಆಗಿಲ್ಲವೆಂಬಂತೆ ತಿರುಗುತ್ತಿರುವ ಚಕ್ರ.

ಆ ಮಿಷನ್ನಿನ ಸದ್ದನ್ನೇ ಮೊದಲು ಟೇಪಿಗೆ ಹಿಡಿದದ್ದು, ಟಕಟಕ ಟಕಟಕ, ಅಣ್ಣ ರೇಡಿಯೋ ರಿಪೇರಿ ಅಂಗಡಿ ಸೇರಿದ ವರ್ಷ, ಯಾರೋ ಬಿಟ್ಟುಹೋದ ಟೇಪ್ ರೆಕಾರ್ಡರನ್ನು ಮನೆಗೆ ತಂದು ಮಿಷನ್ನಿನ ಪಕ್ಕ ಇಟ್ಟು, ಆಮೇಲೆ ಕ್ಯಾಸೆಟ್ಟು ಬಿಚ್ಚಿ ಟೇಪನ್ನು ಗೇಣುದ್ದ ಕತ್ತರಿಸಿ ಎರಡು ತುದಿ ಅಂಟಿಸಿದ, ಈಗ ಅದು ಕೊನೆಯಿಲ್ಲದೆ ಸುತ್ತುತ್ತಿತ್ತು, ಅಂಟಿಸಿದ ಜಾಗ ಬಂದಾಗ ಮಾತ್ರ ಒಂದು ಸಣ್ಣ ಎಡವು, ಟಕಟಕ ಟಕಟಕ ಟಕ — ಟಕಟಕ. ದಿನವೆಲ್ಲ ಕಿವಿ ಮೇಲೆ ಬೀಳೋದು ಸಾಲ್ದು ಅಂತ ಡಬ್ಬಿಗೆ ಬೇರೆ ಹಾಕಿದೀರಾ, ಅಮ್ಮ ಗೊಣಗಿದಳು, ಗೊಣಗುತ್ತಲೇ ಅದಕ್ಕೆ ಕಾಲು ಕುಣಿಸಿದಳು. ಅಲ್ಲಿಂದ ಶುರುವಾದದ್ದು, ಹಳೆಯ ಕೀಬೋರ್ಡು, ಆಮೇಲೆ ಗುಂಡಿ ಒತ್ತಿದರೆ ತಾಳ ನುಡಿಯುವ ಯಂತ್ರ, ಆಮೇಲೆ ಇಬ್ಬರಿಗೂ ಒಂದೊಂದು ಯಂತ್ರ, ಮದುವೆ ಮನೆಗೂ ಬೇಡ ನಾಟಕಕ್ಕೂ ಬೇಡ ಎನಿಸಿಕೊಂಡ ಸಂಗೀತ, ಎಲ್ಲಿ ಕರೆದರೂ ಹೋಗುತ್ತಿದ್ದರು, ಬಸ್ಸಿನಲ್ಲಿ ಯಂತ್ರಗಳನ್ನು ತೊಡೆಯ ಮೇಲಿಟ್ಟುಕೊಂಡು, ಕಂಡಕ್ಟರು ಇದೇನು ತೂಕದ ಮಿಷನ್ನಾ ಎಂದು ಕೇಳಿದ್ದ, ಹೂಂ, ನಿಮ್ಮ ತೂಕ ನೋಡ್ಲಾ ಎಂದಿದ್ದ ಅಣ್ಣ. ಯಂತ್ರದ ಬದಿಗೆ ಒಂದು ಸ್ವಿಚ್ಚು, ಮೇಲೆ ಮಾಡಿದರೆ ಯಂತ್ರ ತನ್ನದೇ ತಾಳಕ್ಕೆ ನಡೆಯುತ್ತದೆ, ಕೆಳಗೆ ಮಾಡಿದರೆ ವಯರಿನಲ್ಲಿ ಬರುವ ಇನ್ನೊಬ್ಬರ ಯಂತ್ರದ ತಾಳಕ್ಕೆ, ಇದನ್ನು ಅಮ್ಮನಿಗೆ ವಿವರಿಸಿದಾಗ ಅವಳು ಕತ್ತರಿ ಕೆಳಗಿಟ್ಟು ಹೇಳಿದ್ದು, ಅಂದ್ರೆ ಮೇಲಿಂದು ಸ್ವಂತ ಕಾಲು, ಕೆಳಗಿಂದು ಎರವಲು ಕಾಲು, ಇದಕ್ಕೆ ಇಷ್ಟೊಂದು ಭಾಷಣ ಯಾಕೋ. ಅಣ್ಣ ಅವತ್ತೇ ಬಿಳಿ ಪಟ್ಟಿ ಅಂಟಿಸಿ ಬರೆದ, ಮೇಲೆ ಸ್ವಂತ, ಕೆಳಗೆ ಎರವಲು, ಇಗೋ ಈಗಲೂ ಇದೆ, ಅವಳ ಹೆಬ್ಬೆರಳಿನ ಕೆಳಗೇ ಇದೆ, ಸ್ವಂತದ ಸೊನ್ನೆ ಅಳಿಸಿ ಸ್ವತ ಆಗಿದೆ. ನುಡಿಸುವಾಗ ಒಬ್ಬರಿಂದ ಒಬ್ಬರು ಸದ್ದನ್ನು ಎತ್ತಿಕೊಳ್ಳುವುದಕ್ಕೂ ಅವರ ಮಾತು ಅದೇ, ಕಾಲು ಕೊಡೋದು, ಮೊದಲು ಅವಳು ಎರವಲಿನಲ್ಲಿ ಅವನ ತಾಳಕ್ಕೆ ಸೇರಿಕೊಳ್ಳಬೇಕು, ಅವನು ತನ್ನ ಸದ್ದನ್ನು ಇಳಿಸುತ್ತ ಬರಬೇಕು, ಅವಳು ಸ್ವಿಚ್ಚು ಎತ್ತಿ ಸ್ವಂತಕ್ಕೆ ಬರಬೇಕು, ಬಂದೆ ಎಂದು ಸನ್ನೆ ಮಾಡಿದ ಮೇಲೆ ಅವನು ವಯರು ಕೀಳಬೇಕು, ಸನ್ನೆಗೆ ಮೊದಲೇ ಕಿತ್ತರೆ ಅವಳ ಯಂತ್ರ ಅಲ್ಲಿಗೇ ಕೈಕಾಲು ಕಳೆದುಕೊಂಡು ನಿಲ್ಲುತ್ತದೆ.

ನಿಂತಿತು. ಹನ್ನೊಂದು ವರ್ಷದ ಹಿಂದೆ, ಅಮ್ಮ ಅವರ ಸಂಗೀತ ಕೇಳಲು ಬಂದ ಮೊದಲನೆಯ ಸಲ, ಕೊನೆಯ ಸಲವೂ ಅದೇ, ಮೂರನೆಯ ಸಾಲಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಇಸ್ತ್ರಿ ಮಾಡಿದ ಸೀರೆಯಲ್ಲಿ, ಡಾಕ್ಟರ ಹತ್ತಿರ ಬಂದವಳಂತೆ ನೆಟ್ಟಗೆ ಕೂತಿದ್ದಳು, ಆಗೆಲ್ಲ ಸನ್ನೆ ಎಂದರೆ ತಲೆ ಆಡಿಸುವುದು, ಒಂದು ಸಲ ತಲೆ ಆಡಿಸಿದರೆ ತಗೊಂಡೆ ಎಂದರ್ಥ, ಅವತ್ತು ಅವಳು ತಲೆ ಆಡಿಸಿದಳು, ತಾಳಕ್ಕೆ ಆಡಿಸಿದಳು, ಎಲ್ಲರೂ ಆಡಿಸುವ ಹಾಗೆ, ಅವನು ವಯರು ಕಿತ್ತ. ಸದ್ದು ಸತ್ತಿತು. ತುಂಬಿದ ಸಭೆಯಲ್ಲಿ ಒಂಬತ್ತು ಎಣಿಕೆಯಷ್ಟು ಹೊತ್ತು ಏನೂ ಇಲ್ಲ, ಅವಳ ಬಳಿ ಅದರ ರೆಕಾರ್ಡಿಂಗು ಇದೆ, ಎಣಿಸಿದ್ದಾಳೆ, ನಾಲ್ಕನೆಯ ಎಣಿಕೆಯಲ್ಲಿ ಒಂದು ಕೆಮ್ಮು, ಅಮ್ಮನದು, ಮಕ್ಕಳ ಮಾನ ಉಳಿಸಲೆಂದೇ ಕೆಮ್ಮಿದ ಹಾಗಿದೆ. ನೀನು ತಲೆ ಆಡಿಸ್ದೆ ಎಂದ ಅವನು ಪರದೆಯ ಹಿಂದೆ. ತಾಳಕ್ಕೆ ಆಡಿಸ್ದೆ ಕಣೋ. ತಾಳಕ್ಕೋ ತಗೊಂಡಿದ್ದಕ್ಕೋ ನಾನು ಹೇಗೆ ತಿಳ್ಕೊಳ್ಲಿ. ಇಪ್ಪತ್ತು ವರ್ಷ ತಿಳ್ಕೊಂಡಿರ್ಲಿಲ್ವಾ. ಟ್ಯಾಕ್ಸಿಯಲ್ಲಿ ಇಬ್ಬರ ನಡುವೆ ಕೂತ ಅಮ್ಮ ಹೇಳಿದ್ದು ಒಂದೇ ಮಾತು, ದಾರ ಹರೀತು ಅಷ್ಟೆ, ಪೋಣಿಸ್ಕೊಂಡ್ರೆ ಆಯ್ತು. ಮತ್ತೆ ಇದು, ಯಾರಿಗೂ ಹೇಳದ್ದು, ಗಂಡನಿಗೂ ಹೇಳದ್ದು, ಈಗ ಮೆಟ್ಟಿಲ ಬುಡದಲ್ಲಿ ನಿಂತು ತನಗೆ ತಾನೇ ಹೇಳಿಕೊಳ್ಳುವಾಗಲೂ ಮುಖ ಬಿಸಿಯಾಗುತ್ತದೆ — ಅವನು ನೋಡಿದ್ದನ್ನು ಅವಳು ನೋಡಿದ್ದಳು. ತಲೆ ಆಡಿಸುತ್ತಿದ್ದಾಗ ಅವನ ಕಣ್ಣು ತನ್ನ ಮೇಲಿದ್ದದ್ದು ಅವಳಿಗೆ ಕಂಡಿತ್ತು, ಅವನು ತಪ್ಪು ತಿಳಿದುಕೊಂಡದ್ದೂ ಗೊತ್ತಾಗಿತ್ತು, ಬೆರಳು ಸ್ವಿಚ್ಚಿನ ಮೇಲೇ ಇತ್ತು, ಎತ್ತಬಹುದಿತ್ತು, ಆದರೆ ಅವತ್ತು ಅವನ ತಾಳ ಎಷ್ಟು ಹಿತವಾಗಿತ್ತೆಂದರೆ ಇನ್ನೆರಡು ಸುತ್ತು ಎರವಲಿನಲ್ಲೇ ಇರೋಣ ಅನ್ನಿಸಿತು, ಇನ್ನೆರಡೇ ಸುತ್ತು, ಅಮ್ಮ ಕೇಳುತ್ತಿದ್ದಾಳೆ, ಇಷ್ಟು ಬೇಗ ಒಬ್ಬಳೇ ಆಗುವುದು ಬೇಡ. ಆಸೆ ಪಟ್ಟದ್ದು ಅವಳು, ಬೈಸಿಕೊಂಡದ್ದು ಅವನು.

ಇದನ್ನು ಅಂದೇ ಹೇಳಿದ್ದರೆ ಮುಗಿದುಹೋಗುತ್ತಿತ್ತು, ಹೇಳುತ್ತಿದ್ದಳೇನೋ, ಅಷ್ಟರಲ್ಲಿ ಅವನ ತಮಾಷೆ ಅವಳ ಕಿವಿಗೆ ಬಿತ್ತು, ಯಾವುದೋ ಗೆಳೆಯರ ಗುಂಪಿನಲ್ಲಿ ಅಂದನಂತೆ, ಕಾಲು ಕೊಡು ಅಂದ್ರೆ ನಮ್ಮ ಬಾಬಿನ್ ಕೈ ಕೊಟ್ಟಳು, ಎಲ್ಲರೂ ನಕ್ಕರಂತೆ, ನಗುವಂಥದ್ದೇ, ಅವಳ ಬಗ್ಗೆಯಲ್ಲದಿದ್ದರೆ ಅವಳೂ ನಗುತ್ತಿದ್ದಳು, ಆದರೆ ಅಮ್ಮನ ಮಾತನ್ನು ಹೊರಗಿನವರ ಮುಂದೆ ನಗೆಗೆ ಇಟ್ಟನಲ್ಲ ಎಂದು ಉರಿದುಹೋಯಿತು, ಅವನಾಗಿ ಬರಲಿ ಎಂದಳು, ಅವನು ಅವಳಾಗಿ ಬರಲಿ ಎಂದನಂತೆ, ಎರಡು ಯಂತ್ರಗಳನ್ನೂ ಎರವಲಿಗೆ ಇಟ್ಟರೆ ಏನಾಗುತ್ತದೆ, ಒಂದರ ತಾಳಕ್ಕೆ ಇನ್ನೊಂದು ಕಾಯುತ್ತ ಎರಡೂ ತೆಪ್ಪಗೆ ಕೂತಿರುತ್ತವೆ, ಹಾಗೆ ಕೂತರು. ಏಳು ವರ್ಷ ಅಮ್ಮ ಓಡಾಡಿದಳು, ಆ ಮಂಡಿಯಲ್ಲಿ, ಈ ಮನೆಯಿಂದ ಆ ಮನೆಗೆ, ನಿನ್ನ ಅಣ್ಣ ಕೇಳ್ದ, ನಿನ್ನ ತಂಗಿ ಹೇಳಿದಳು, ಅವನು ಏನೂ ಕೇಳಿರುತ್ತಿರಲಿಲ್ಲ, ಇವಳು ಏನೂ ಹೇಳಿರುತ್ತಿರಲಿಲ್ಲ, ಎಲ್ಲ ಅಮ್ಮನ ಸ್ವಂತ ಹೊಲಿಗೆ. ಅಮ್ಮ ಹೋದ ದಿನ ಮಿಷನ್ನಿನ ಎರಡು ಬದಿಗೆ ಇಬ್ಬರೂ ಕೂತಿದ್ದರು, ಬಂದವರಿಗೆಲ್ಲ ಕುರ್ಚಿ ಕೊಟ್ಟು ಇವರಿಗೆ ನೆಲವೇ ಉಳಿದಿತ್ತು, ಅವನ ಕೈ ಒಮ್ಮೆ ಪೆಡಲಿನ ಮೇಲೆ ಬಂತು, ಧೂಳು ಒರೆಸಿತು, ಏನೋ ಹೇಳುತ್ತಾನೆ ಎಂದು ಅವಳು ಕಾದಳು, ಅವಳು ಹೇಳುತ್ತಾಳೆ ಎಂದು ಅವನೂ ಕಾದನೋ ಏನೋ, ಆಮೇಲೆ ಯಾರೋ ಅವನನ್ನು ಕರೆದರು, ಎದ್ದು ಹೋದ.

ಹೋಗಿ ಮೇಡಂ. ಆಯೋಜಕಿಯ ಕೈ ಬೆನ್ನ ಮೇಲೆ, ಮೆಟ್ಟಿಲು ಒಂದು, ಎರಡು, ಐದು, ಬಿಸಿಯಾದ ದೀಪಗಳ ಮೇಲಿನ ಧೂಳಿನ ವಾಸನೆ, ಅದು ಮಾತ್ರ ಎಲ್ಲ ಊರಿನಲ್ಲೂ ಒಂದೇ, ಮೇಜಿನ ಮೇಲೆ ಅವನ ಯಂತ್ರದ ಪಕ್ಕ ತನ್ನದನ್ನಿಟ್ಟಳು, ಅವನು ತಿರುಗಲಿಲ್ಲ, ಎಡಗಡೆ ನಿಂತಿದ್ದಾಳಲ್ಲ, ಆ ಕಿವಿಗೆ ಅವಳು ಬಂದದ್ದೇ ಗೊತ್ತಿಲ್ಲವೇನೋ, ಇಲ್ಲ, ಗೊತ್ತಿದೆ, ವಯರಿನ ತುದಿಯನ್ನು ಅವಳ ಕಡೆಗೆ ಸರಿಸಿದ, ಕೈ ಮೇಲಿನ ನರ ಎದ್ದಿದೆ, ಉಗುರು ಇನ್ನೂ ಕಚ್ಚುತ್ತಾನೆ, ನಾಚಿಕೆಯಿಲ್ಲ. ಸಿಕ್ಕಿಸಿದಳು. ಸ್ವಿಚ್ಚು ಎರವಲಿಗೆ. ಅವಳ ಯಂತ್ರದ ಕೆಂಪು ದೀಪ ಅವನ ತಾಳಕ್ಕೆ ಮಿಣುಕತೊಡಗಿತು, ಹನ್ನೊಂದು ವರ್ಷವಾದ ಮೇಲೆ, ಒಂದು ಚೂರೂ ಹಿಂಜರಿಯದೆ, ಯಂತ್ರಗಳಿಗೆ ಮಾನ ಮರ್ಯಾದೆ ಏನೂ ಇಲ್ಲ. ಮೆಲ್ಲಗೆ ತನ್ನ ಸದ್ದನ್ನು ಒಳಗೆ ಬಿಟ್ಟಳು, ತೆಳುವಾದದ್ದು, ಉಸಿರಿನಷ್ಟು, ಅವನು ತನ್ನದನ್ನು ಒಂದೊಂದಾಗಿ ಇಳಿಸುತ್ತಿದ್ದಾನೆ, ಮೊದಲು ಮೇಲಿನ ಸ್ವರ ಹೋಯಿತು, ಆಮೇಲೆ ನಡುವಿನದು, ಇನ್ನು ಅರವತ್ತನಾಲ್ಕು ಎಣಿಕೆಗೆ ಅವನು ಖಾಲಿ, ಆದರೆ ಸನ್ನೆ ಏನು, ಏನು ಗೊತ್ತು ತನಗೆ, ತಲೆ ಆಡಿಸುವ ಹಾಗಿಲ್ಲ, ಕೂಗಿದರೆ ಕೇಳುವುದಿಲ್ಲ, ಸ್ವಿಚ್ಚು ಎತ್ತಿದ್ದು ಅವನ ಕಿವಿಗೆ ಬಾರದು, ಅವನು ಸುಮ್ಮನೆ ಎಣಿಸಿ ಕಿತ್ತುಬಿಟ್ಟರೆ, ಇನ್ನೊಮ್ಮೆ ಆ ಮೌನ, ಇನ್ನೊಮ್ಮೆ ಇವಳಿಂದಲೇ, ಮತ್ತು ಇದು ಅವನ ಕೊನೆಯದು, ಕೆಮ್ಮಿ ಕಾಪಾಡಲು ಈಗ ಅಮ್ಮನೂ ಇಲ್ಲ. ಅವನು ಕೆಳಸ್ವರವನ್ನೂ ತೆಗೆದ. ಕೆಳಗೆ ಇಷ್ಟು ಹೊತ್ತೂ ಮುಚ್ಚಿಹೋಗಿದ್ದ ಒಂದು ಸದ್ದು ಮಾತ್ರ ಅವನದೆಂದು ಉಳಿಯಿತು, ಟಕಟಕ ಟಕಟಕ, ಟಕಟಕ ಟಕಟಕ ಟಕ — ಟಕಟಕ.

ಆ ಎಡವು. ಗೇಣುದ್ದ ಟೇಪು, ಅಂಟಿಸಿದ ಜಾಗ. ಇಟ್ಟುಕೊಂಡಿದ್ದಾನೆ, ಇಷ್ಟು ವರ್ಷ, ಯಾವ ಪೆಟ್ಟಿಗೆಯಲ್ಲಿ, ಹೇಗೆ — ಕಣ್ಣು ಕೆಳಗಿಳಿಯಿತು, ಹಲಗೆಯ ಮೇಲೆ ಅವನ ಬರಿಗಾಲು, ಎಡಗಾಲು ತಾಳಕ್ಕೆ ಮೇಲೆ ಕೆಳಗೆ, ಮೇಲೆ ಕೆಳಗೆ, ಅದರ ಪಕ್ಕದಲ್ಲಿ ಒಂದು ಪಾದ ಇಡುವಷ್ಟು ಜಾಗ ಬಿಟ್ಟಿದ್ದಾನೆ, ವಯರುಗಳನ್ನೆಲ್ಲ ಅತ್ತ ಸರಿಸಿ, ಶಾಕ್ ಹೊಡೆಯದ ಹಾಗೆ. ಕಿವಿಗಾಗಿ ಬಿಚ್ಚಿದ್ದಲ್ಲವೋ ಬೂಟು, ದಡ್ಡಿ, ನಾನೊಬ್ಬಳು ದಡ್ಡಿ. ಚಪ್ಪಲಿ ಕಳಚಿದಳು, ಹಲಗೆ ಬೆಚ್ಚಗಿದೆ, ಅದರ ಎದೆ ಹೊಡೆದುಕೊಳ್ಳುತ್ತಿದೆ, ಅವನ ಕಾಲ ಪಕ್ಕ ತನ್ನ ಕಾಲಿಟ್ಟಳು, ಚರ್ಮಕ್ಕೆ ಚರ್ಮ ತಾಗಿತು, ಅವನು ತಿರುಗಲಿಲ್ಲ, ಭುಜ ಮಾತ್ರ ಒಂದಿಷ್ಟು ಇಳಿಯಿತು, ಮೇಲೆ ಕೆಳಗೆ, ಮೇಲೆ ಕೆಳಗೆ, ಎರಡು ಕಾಲು, ಒಂದು ಸುತ್ತು, ಎರಡು ಸುತ್ತು, ಇನ್ನೆರಡು ಸುತ್ತು ಹೀಗೇ ಇರೋಣ ಎಂದಿತು ಅದೇ ಹಳೆಯ ಆಸೆ, ಬೇಡ, ಎತ್ತು, ಸ್ವಿಚ್ಚು ಎತ್ತಿದಳು, ಸ್ವಂತ, ದೀಪ ಅವಳ ಅಂಗೈ ಮರೆಯಲ್ಲೇ ಕೆಂಪಿನಿಂದ ಹಸಿರಾಯಿತು, ಹೆಬ್ಬೆರಳಿನಿಂದ ಅವನ ಪಾದದ ಅಂಚಿಗೆ ಒಂದು ಒತ್ತು. ಈಗ ಕೀಳುತ್ತಾನೆ. ಕೀಳಲಿಲ್ಲ. ಅವನ ಕಾಲು ಅಲ್ಲೇ ಇದೆ, ಮೇಲೆ ಕೆಳಗೆ, ಗೊತ್ತಾಗಲಿಲ್ಲವೇ, ಇನ್ನೊಮ್ಮೆ ಒತ್ತಲೇ, ಅಷ್ಟರಲ್ಲಿ ಅವನ ಹೆಬ್ಬೆರಳು ತಿರುಗಿ ಒತ್ತಿತು, ಗೊತ್ತಾಗಿದೆ, ಗೊತ್ತಾಗಿಯೂ ಇದ್ದಾನೆ, ಒಂದು ಸುತ್ತು, ಟಕಟಕ ಟಕಟಕ ಟಕ — ಟಕಟಕ, ಇನ್ನೊಂದು ಸುತ್ತು, ಅವನಿಗೆ ಗೊತ್ತಿತ್ತೇ, ಅಂದೇ ಗೊತ್ತಿತ್ತೇ, ಆ ಎರಡು ಸುತ್ತುಗಳನ್ನು ಈಗ ಕೊಡುತ್ತಿದ್ದಾನೆಯೇ, ಅಣ್ಣ ಎಂದಳು, ಕೇಳಿಸದ ಕಿವಿಯ ಕಡೆಗೆ, ನಾನು ನೋಡಿದ್ದೆ ಕಣೋ, ನೀನು ನೋಡಿದ್ದನ್ನ ನಾನು ನೋಡಿದ್ದೆ, ಅವನು ವಯರಿಗೆ ಕೈ ಹಾಕಿದ, ಎಳೆದ, ಏನೂ ಆಗಲಿಲ್ಲ, ಅವಳ ಸದ್ದು ಸ್ವಂತ ಕಾಲಲ್ಲಿ ನಡೆಯುತ್ತಲೇ ಇದೆ, ಸಭಾಂಗಣದಲ್ಲಿ ಯಾರಿಗೂ ಏನೂ ಆಗಲಿಲ್ಲ, ಕುಣಿಯುವವರು ಕುಣಿಯುತ್ತಲೇ ಇದ್ದಾರೆ, ಅವನ ಪಾದ ಮೆಲ್ಲಗೆ ಹಿಂದಕ್ಕೆ ಜಾರುತ್ತಿದೆ, ಹಿಮ್ಮಡಿ ಒಡೆದಿದೆ, ಅಮ್ಮನದೇ ಹಿಮ್ಮಡಿ, ಅದಕ್ಕೆ ವೇದಿಕೆಯ ಕಪ್ಪು ಟೇಪಿನ ಒಂದು ತುಂಡು ಅಂಟಿದೆ, ಜಾರುತ್ತಿದೆ, ತುಂಡು ದಾರ ಅಂಟಿದ ಹಿಮ್ಮಡಿ, ಪೆಡಲಿನಿಂದ ಹಿಂದಕ್ಕೆ, ಚಕ್ರಕ್ಕೆ ಗೊತ್ತಿಲ್ಲ, ಹಿಮ್ಮಡಿ, ದಾರ, ಆ ಹಿಮ್ಮಡಿ